ಇಬ್ಬರ ಹೆಸರಿನಲ್ಲಿದ್ದ ಪ್ಯಾಕೇಜು

ರಾಮನಗರ
೧೧ ಜೂನ್ ೨೦೨೪

ಪ್ರಿಯ ಧನಲಕ್ಷ್ಮಿ,

ಈ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ನಿನ್ನ ಹಳೆಯ ಫೋನ್ ನಂಬರಿಗೆ ಕರೆ ಮಾಡಿದರೆ ಯಾರೋ ಕೋಳಿ ಫಾರಂನವರು ಎತ್ತುತ್ತಾರೆ. ಇಮೇಲ್ ಕಳಿಸಿದರೆ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಕೊನೆಗೆ ಕನಕಪುರದ ಹತ್ತಿರದ ನಿಮ್ಮ ಅಮ್ಮನ ಮನೆಯ ವಿಳಾಸ ನೆನಪಾಯಿತು. ಕಾಲೇಜಿನ ರಜೆಯಲ್ಲಿ ಅಲ್ಲಿಗೆ ಬಂದು ಹೋಗಿದ್ದೆನಲ್ಲ, ದಾರಿ ಮರೆತರೂ ವಿಳಾಸ ಮರೆತಿಲ್ಲ.

ಕೆಲಸದ ಮಾತು ಮೊದಲು ಹೇಳಿಬಿಡುತ್ತೇನೆ. ಕೊನೆಯ ವರ್ಷದಲ್ಲಿ ನಾವಿಬ್ಬರೂ ಸೇರಿ ಬರೆದ ‘ಒತ್ತು’ ಇನ್ನೂ ಬದುಕಿದೆ. ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಅದೇ ಪುಟ್ಟ ಜಾವಾಸ್ಕ್ರಿಪ್ಟ್ ಕೋಡಿನ ಕಟ್ಟು, ನಮ್ಮ ಪ್ಯಾಕೇಜು. ಕಾಲೇಜಿನ ಹಾಜರಿ ಪಟ್ಟಿಯಲ್ಲಿ ಒತ್ತಕ್ಷರದ ಹೆಸರುಗಳೆಲ್ಲ ಎಲ್ಲೆಲ್ಲೋ ಹೋಗಿ ಬೀಳುತ್ತವೆಂದು ನೀನು ರೇಗಿಕೊಂಡೇ ಅದನ್ನು ಶುರು ಮಾಡಿದ್ದು. ಈಗ ಯಾರ್ಯಾರೋ ಅದನ್ನು ತಮ್ಮ ಆ್ಯಪ್‌ಗಳಲ್ಲಿ ಸೇರಿಸಿಕೊಂಡಿದ್ದಾರೆ. ಒಂದು ಶಾಲೆ, ಒಂದು ಹಾಲಿನ ಸಂಘ, ಒಂದು ಲೈಬ್ರರಿ ನನಗೆ ಗೊತ್ತು. ಉಳಿದವರು ಯಾರೆಂದು ತಿಳಿಯುವುದಿಲ್ಲ. ಅವರು ರಿಜಿಸ್ಟ್ರಿಯಿಂದ, ಅಂದರೆ ಲೋಕದ ಪ್ಯಾಕೇಜುಗಳೆಲ್ಲ ಇರುವ ಆ ದೊಡ್ಡ ಉಗ್ರಾಣದಿಂದ, ಕೇಳದೆ ತೆಗೆದುಕೊಂಡು ಹೋಗುತ್ತಾರೆ. ನಾನು ಅದನ್ನು ನೋಡಿಕೊಳ್ಳುತ್ತಿದ್ದೇನೆ.

ಆ ರಿಜಿಸ್ಟ್ರಿಯಲ್ಲಿ ‘ಒತ್ತು’ವಿನ ಒಡೆಯರೆಂದು ಈಗಲೂ ಎರಡು ಹೆಸರುಗಳಿವೆ, ನಿನ್ನದು ಮತ್ತು ನನ್ನದು. ನಿನ್ನ ಹೆಸರಿನ ಜೊತೆಗಿರುವುದು ನೀನು ಮೊದಲು ಕೆಲಸ ಮಾಡಿದ ಆ ಚಿಕ್ಕ ಕಂಪನಿಯ ಇಮೇಲ್. ಕಂಪನಿ ಮುಚ್ಚಿಹೋಗಿದೆ. ಅದರ ವೆಬ್ ವಿಳಾಸದ ಅವಧಿ ಇಷ್ಟರಲ್ಲೇ ಮುಗಿಯುತ್ತದೆ. ಆಮೇಲೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡವರು ನಿನ್ನ ಹೆಸರಿನಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದರೆ ಸಾಕು, ಹೊಸ ಬೀಗದ ಕೈ ಅವರ ಕೈಗೇ ಹೋಗುತ್ತದೆ. ನಮ್ಮ ಪ್ಯಾಕೇಜಿಗೆ ಅವರು ಏನನ್ನು ಬೇಕಾದರೂ ತುಂಬಿ ಕಳಿಸಬಹುದು. ತೆಗೆದುಕೊಂಡವರಿಗೆ ಅದು ನಿನ್ನ ಹೆಸರಿನಲ್ಲೇ ಹೋಗುತ್ತದೆ.

ಆದ್ದರಿಂದ ದಯವಿಟ್ಟು ಹೊಸ ಇಮೇಲ್ ಕೊಡು. ಇಲ್ಲವಾದರೆ ಒಡೆತನ ಬಿಡುತ್ತೇನೆಂದಾದರೂ ಹೇಳು.

ಅಮ್ಮಿ ಹೋಗಿ ಮೂರು ವರ್ಷವಾಯಿತು. ತಂಗಿ ಹಿನಾ ಚನ್ನಪಟ್ಟಣಕ್ಕೆ ಮದುವೆಯಾಗಿ ಹೋದಳು. ಮನೆಯಲ್ಲಿ ನಾನು ಮತ್ತು ತಮ್ಮ ತೌಹೀದ್. ಅವನು ಬೆಳಿಗ್ಗೆಯೇ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ನೂಲು ಬಿಚ್ಚುವ ತನ್ನ ಶೆಡ್ಡಿನಿಂದ ಮನೆಗೆ ಬರುವುದು ಕತ್ತಲಾದ ಮೇಲೆ. ನಾನು ಮನೆಯಿಂದಲೇ ಅಂಗಡಿ, ಶಾಲೆಗಳ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮಾತಿಗೆ ಯಾರೂ ಇಲ್ಲವೆಂದಲ್ಲ. ಮಾತಿನ ಅಭ್ಯಾಸ ತಪ್ಪಿದೆ.

ನನ್ನ ಫೋನ್ ನಂಬರು ಕೆಳಗಿದೆ. ಅದೇ ಹಳೆಯದು.

ನಿನ್ನ,
ಕೆಹಕಶಾನ್


ರಾಮನಗರ
೩ ಸೆಪ್ಟೆಂಬರ್ ೨೦೨೪

ಪ್ರಿಯ ಧನಲಕ್ಷ್ಮಿ,

ನಿನ್ನಿಂದ ಉತ್ತರ ಬರಲಿಲ್ಲ. ಮೊದಲ ಕಾಗದ ಕಳೆದಿರಬಹುದೆಂದುಕೊಂಡು ಮತ್ತೊಮ್ಮೆ ಬರೆಯುತ್ತಿದ್ದೇನೆ. ವಿಷಯ ಅದೇ: ರಿಜಿಸ್ಟ್ರಿಯಲ್ಲಿರುವ ನಿನ್ನ ಹಳೆಯ ಇಮೇಲ್ ಬದಲಾಗಬೇಕು, ಇಲ್ಲವೇ ನಿನ್ನ ಹೆಸರು ಹೋಗಬೇಕು.

ನನ್ನ ದಿನ ಹೇಗಿರುತ್ತದೆಂದು ಹೇಳುತ್ತೇನೆ. ನಮ್ಮ ಪ್ಯಾಕೇಜು ಬೇರೆಯವರ ಪ್ಯಾಕೇಜುಗಳ ಮೇಲೆ ನಿಂತಿದೆ. ಅವು ಇನ್ಯಾರದೋ ಮೇಲೆ ನಿಂತಿವೆ. ಎಲ್ಲೋ ಕೆಳಗೆ ಒಂದು ಸಡಿಲವಾದರೆ ನನಗೆ ಎಚ್ಚರಿಕೆಯ ಇಮೇಲ್‌ಗಳು ಬರುತ್ತವೆ. ಬೆಳಗಿನ ಟೀ ಕುಡಿಯುತ್ತ ಅವನ್ನು ಓದುತ್ತೇನೆ. ಯಾವುದರದಾದರೂ ಹೊಸ ವರ್ಷನ್, ಅಂದರೆ ಹೊಸ ಆವೃತ್ತಿ, ಬಂದಿದ್ದರೆ ಹಳೆಯದರ ಪಕ್ಕಕ್ಕಿಟ್ಟು ಎಲ್ಲಿ ಏನು ಬದಲಾಗಿದೆ ನೋಡುತ್ತೇನೆ, ಪರೀಕ್ಷೆಗಳನ್ನು ಓಡಿಸುತ್ತೇನೆ, ಸರಿಯಿದ್ದರೆ ಒಳಗೆ ಬಿಟ್ಟುಕೊಳ್ಳುತ್ತೇನೆ. ಈ ಕೆಲಸಕ್ಕೆ ಕೊನೆ ಎಂಬುದಿಲ್ಲ. ಮುಗಿಯಿತೆಂದು ಎದ್ದರೆ ಮಾರನೆಯ ದಿನ ಇನ್ನೊಂದು ಬಂದಿರುತ್ತದೆ.

ಕಳೆದ ತಿಂಗಳು ಹೀಗಾಯಿತು. ನಾವು ಮೊದಲಿನಿಂದಲೂ ಬಳಸುತ್ತಿದ್ದ ಒಂದು ಪ್ಯಾಕೇಜಿನ ಪುಟದಲ್ಲಿ ಅದನ್ನು ಬರೆದವನು ಒಂದೇ ಸಾಲು ಹಾಕಿದ್ದ: ಹೆಂಡತಿಗೆ ಹುಷಾರಿಲ್ಲ, ಇನ್ನು ಇದನ್ನು ನೋಡಿಕೊಳ್ಳಲು ನನ್ನಿಂದಾಗದು, ಕ್ಷಮಿಸಿ. ಯಾವ ದೇಶದವನೋ. ಅವನ ಕೋಡನ್ನು ಇಷ್ಟು ವರ್ಷ ಓದುತ್ತಾ ಬಂದಿದ್ದರಿಂದ ಅವನು ಎಂಥ ಮನುಷ್ಯನೆಂದು ನನಗೆ ಗೊತ್ತಿದೆ ಅನ್ನಿಸುತ್ತಿತ್ತು. ಈಗ ಹೇಗಿದ್ದಾರೆ ಎಂದು ಬರೆದು ಕೇಳಿದೆ. ಉತ್ತರವಿಲ್ಲ. ಅವನ ಪ್ಯಾಕೇಜನ್ನು ಕಿತ್ತು, ಆ ಕೆಲಸಕ್ಕೆ ಬೇಕಾದಷ್ಟನ್ನು ನಾನೇ ಬರೆದು ಸೇರಿಸಿದೆ. ಅವನ ಹೆಸರನ್ನು ಅಳಿಸುವಾಗ ಯಾರದೋ ಮನೆಯ ಬಾಗಿಲೆಳೆದುಕೊಂಡು ಬಂದಂತಾಯಿತು.

ತೌಹೀದ್ ಒಂದು ದಿನ ಊಟಕ್ಕೆ ಕೂತಾಗ ಕೇಳಿದ, ಇದನ್ನೆಲ್ಲ ಮಾಡು ಎಂದು ನಿನಗೆ ಹೇಳಿದವರು ಯಾರು ಎಂದು. ಯಾರೂ ಹೇಳಿಲ್ಲ ಎಂದೆ. ಹಾಗಾದರೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದ. ಬಿಟ್ಟ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ ಎಂದೆ. ಅವನು ಅನ್ನ ಬಡಿಸಿಕೊಂಡ.

ನೀನು ಓದಿದ್ದೀಯ ಎಂದಾದರೂ ತಿಳಿಸು.

ಕೆಹಕಶಾನ್


ಕನಕಪುರ
೨೦ ಅಕ್ಟೋಬರ್ ೨೦೨೪

ಕೆಹಕಶಾನ್,

ನಿನ್ನ ಎರಡು ಕಾಗದಗಳೂ ಒಟ್ಟಿಗೆ ಸಿಕ್ಕಿದವು. ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಕೊಟ್ಟರು. ನಾವಿರುವುದು ಕನಕಪುರ ಟೌನಿನಲ್ಲಿ. ನನ್ನ ಗಂಡ ಲೋಕೇಶ್‌ಗೆ ಇಲ್ಲೇ ಕೆಲಸ. ನಾನು ಹಾರೋಹಳ್ಳಿಯ ಒಂದು ಫ್ಯಾಕ್ಟರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ. ಒಡೆಯರು ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರ ಹೆಸರನ್ನು ತೆಗೆಯಬಹುದು. ಒಂದೇ ಸಾಲಿನ ಆಜ್ಞೆ. ಅದಕ್ಕೆ ನನ್ನ ಒಪ್ಪಿಗೆಯೂ ಬೇಡ, ಪಾಸ್‌ವರ್ಡೂ ಬೇಡ. ನಿನಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಎರಡು ಕಾಗದ ಬರೆಯುವಷ್ಟು ಹೊತ್ತಿನಲ್ಲಿ ಆಗಿಹೋಗುತ್ತಿತ್ತು.

ನಾನು ಅದನ್ನು ಬಿಟ್ಟು ಬಹಳ ಕಾಲವಾಯಿತು. ಆ ಪಾಸ್‌ವರ್ಡ್ ನನಗೆ ನೆನಪಿಲ್ಲ. ನನ್ನ ಹೆಸರು ತೆಗೆದುಬಿಡು.

ನಿಮ್ಮ ತಾಯಿಯ ಸುದ್ದಿ ನನಗೆ ಗೊತ್ತಿರಲಿಲ್ಲ. ಅವರು ಮಾಡಿ ಕಳಿಸುತ್ತಿದ್ದ ಉಪ್ಪಿನಕಾಯಿಯನ್ನು ಹಾಸ್ಟೆಲಿನಲ್ಲಿ ನಾನೇ ಹೆಚ್ಚು ತಿಂದಿದ್ದೇನೆ.

ಧನಲಕ್ಷ್ಮಿ


ರಾಮನಗರ
೨ ನವೆಂಬರ್ ೨೦೨೪

ಪ್ರಿಯ ಧನಲಕ್ಷ್ಮಿ,

ನೀನು ಹೇಳಿದ್ದು ಸರಿ. ಒಂದೇ ಸಾಲು. ಈ ವಾರ ತೆಗೆಯುತ್ತೇನೆ.

ಫ್ಯಾಕ್ಟರಿಯಲ್ಲಿ ಏನು ಕೆಲಸ ಎಂದು ಬರೆದಿಲ್ಲ. ನಿನ್ನ ಮದುವೆಯಾಗಿದೆಯೆಂದು ಬೇರೆಯವರಿಂದ ಕೇಳಿದ್ದೆ. ಗಂಡನ ಹೆಸರು ಈಗ ತಿಳಿಯಿತು. ಚೆನ್ನಾಗಿರು.

ಕೆಹಕಶಾನ್


ಕನಕಪುರ
೧೭ ಫೆಬ್ರುವರಿ ೨೦೨೫

ಕೆಹಕಶಾನ್,

ಫೋನಿನಲ್ಲಿ ನಿನ್ನ ನಂಬರು ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಮಾತಾಡಿದರೆ ಕಿರುಚಿಬಿಡುತ್ತೇನೆ. ಅದಕ್ಕೆ ಬರೆದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ನನ್ನ ಹೆಸರು ತೆಗೆಯುತ್ತೇನೆ ಎಂದಿದ್ದೆ ನೀನು. ತೆಗೆಯಲಿಲ್ಲ.

ಫ್ಯಾಕ್ಟರಿಯಲ್ಲಿ ಏನು ಕೆಲಸ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ ಕೇಳು. ನಮ್ಮಲ್ಲಿ ಶಿಫ್ಟಿಗೆ ಬರುವ ಹೆಂಗಸರನ್ನು ಕಂಪನಿಯ ಬಸ್ಸು ಊರೂರಿಂದ ಕರೆತರುತ್ತದೆ. ಯಾರು ಯಾವ ಊರು, ಯಾವ ಸ್ಟಾಪು, ಎಷ್ಟು ಹೊತ್ತಿಗೆ ಹತ್ತಬೇಕು, ಎಲ್ಲ ಒಂದು ಆ್ಯಪ್‌ನಲ್ಲಿದೆ. ಅದನ್ನು ಮಾಡಿದವಳು, ನೋಡಿಕೊಳ್ಳುವವಳು ನಾನೊಬ್ಬಳೇ. ಡ್ರೈವರ್‌ಗಳಿಗೆ ಹೆಸರುಗಳು ಕನ್ನಡದಲ್ಲಿ, ಸರಿಯಾದ ಕ್ರಮದಲ್ಲಿ ಬೇಕಿದ್ದವು. ಅದಕ್ಕೆ ಯಾವ ಪ್ಯಾಕೇಜು ಹಾಕಿಕೊಂಡಿದ್ದೆ ಎಂದು ನಿನಗೆ ಹೇಳಬೇಕಿಲ್ಲ ಅಲ್ಲವೇ.

ಕಳೆದ ವಾರ ‘ಒತ್ತು’ವಿನ ಹೊಸ ವರ್ಷನ್ ಬಂತು. ನಮ್ಮ ಆ್ಯಪ್ ಅದನ್ನು ತಾನಾಗಿಯೇ ಒಳಗೆ ತೆಗೆದುಕೊಂಡಿತು. ಅದರಲ್ಲಿ ಬಚ್ಚಿಟ್ಟಿದ್ದ ಕೋಡು ನಮ್ಮ ಸರ್ವರಿನ ಗುಪ್ತ ಕೀಲಿಗಳನ್ನು ಓದಿ ಹೊರಗೆಲ್ಲಿಗೋ ಕಳಿಸಿತು. ಎರಡು ದಿನ ಕಳೆಯುವುದರೊಳಗೆ ನಮ್ಮ ಹೆಂಗಸರಿಗೆ ಫೋನ್‌ಗಳು ಬರತೊಡಗಿದವು. ಕಂಪನಿಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಊರು ಇದು, ನೀವು ಬಸ್ ಹತ್ತುವುದು ಇಲ್ಲಿ, ಬ್ಯಾಂಕಿನ ಓಟಿಪಿ ಹೇಳಿ ಎಂದು. ಪ್ಯಾಕಿಂಗ್‌ನ ಪುಟ್ಟಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. “ಮೇಡಂ, ನಾನ್ ಬಸ್ ಅತ್ತೋ ಜಾಗ ಅವ್ನಿಗೆ ಎಂಗ್ ಗೊತ್ತಾಯ್ತು?” ಎಂದು ಕೇಳಿದಳು. ಮಾರನೆಯ ದಿನದಿಂದ ಅವಳು ಕೆಲಸಕ್ಕೆ ಬಂದಿಲ್ಲ. ಗೊತ್ತಿಲ್ಲದ ಗಂಡಸರ ಫೋನ್ ಬರುವ ಕೆಲಸ ಬೇಡವೆಂದು ಮನೆಯಲ್ಲಿ ನಿಲ್ಲಿಸಿದ್ದಾರಂತೆ.

ನಮ್ಮ ಮ್ಯಾನೇಜರ್ ಅನಂತರಾಜು ಕರೆಸಿದರು. ಯಾರೋ ಅವರಿಗೆ ರಿಜಿಸ್ಟ್ರಿಯ ಪುಟ ತೆರೆದು ತೋರಿಸಿದ್ದಾರೆ. ಆ ವರ್ಷನ್ ಪ್ರಕಟಿಸಿದವರು ಯಾರು ಎಂಬಲ್ಲಿ ನನ್ನ ಹೆಸರು, ಇನಿಶಿಯಲ್ ಸಮೇತ. ನಾನಲ್ಲ ಎಂದೆ. ಅವರು ಕೂಗಾಡಲಿಲ್ಲ. “ಹೆಸ್ರು ನಿಮ್ದೇ ಐತಲ್ಲಮ್ಮ, ನಾನ್ ಏನಂತ ನಂಬ್ಲಿ?” ಎಂದರು. ಮುಂದೆ ಹೇಳುವವರೆಗೂ ಮನೆಯಲ್ಲಿರಿ ಎಂದಿದ್ದಾರೆ. ಪೊಲೀಸಿಗೂ ದೂರು ಕೊಡುತ್ತಾರಂತೆ.

ಯಾಕೆ ತೆಗೆಯಲಿಲ್ಲ? ಅದೊಂದನ್ನು ನನಗೆ ಹೇಳು.

ಧನಲಕ್ಷ್ಮಿ


ರಾಮನಗರ
೨೦ ಫೆಬ್ರುವರಿ ೨೦೨೫

ಧನಲಕ್ಷ್ಮಿ,

ನಿನ್ನ ಕಾಗದ ಈಗ ತಾನೇ ಬಂತು. ನೀನೂ ‘ಒತ್ತು’ವನ್ನು ಬಳಸುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ.

ಮೊದಲು ನಿನಗೆ ಬೇಕಾದದ್ದು. ಆ ಕೆಟ್ಟ ವರ್ಷನ್ನನ್ನು ರಿಜಿಸ್ಟ್ರಿಯವರಿಂದ ತೆಗೆಸಿದ್ದೇನೆ. ನಿನ್ನ ಖಾತೆಗೆ ಅವರು ಬೀಗ ಹಾಕಿದ್ದಾರೆ. ನಿನ್ನ ಹಳೆಯ ಕಂಪನಿಯ ವೆಬ್ ವಿಳಾಸವನ್ನು ಜನವರಿಯಲ್ಲಿ ಯಾರೋ ಕೊಂಡಿದ್ದಾರೆ. ಆ ದಾಖಲೆ ಎಲ್ಲರಿಗೂ ಕಾಣುವಂಥದ್ದು, ಪ್ರಿಂಟ್ ತೆಗೆದಿಟ್ಟಿದ್ದೇನೆ. ಅದಾದ ಮೇಲೆ ನಿನ್ನ ಖಾತೆಯ ಪಾಸ್‌ವರ್ಡ್ ಬದಲಾಗಿದೆಯೆಂದು ರಿಜಿಸ್ಟ್ರಿಯವರು ಬರೆದುಕೊಟ್ಟಿದ್ದಾರೆ. ಇದು ನಿನ್ನ ಕೈಯ ಕೆಲಸವಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಬರುವ ಮಂಗಳವಾರ ಬೆಳಿಗ್ಗೆ ಇವೆಲ್ಲವನ್ನೂ ತೆಗೆದುಕೊಂಡು ನಿಮ್ಮ ಫ್ಯಾಕ್ಟರಿಯ ಗೇಟಿನ ಹತ್ತಿರ ಬರುತ್ತೇನೆ. ಅನಂತರಾಜು ಅವರಿಗೆ ನಾನೇ ಹೇಳುತ್ತೇನೆ. ನಾನು ಬರುವುದು ಬೇಡವಾಗಿದ್ದರೆ ಫೋನ್ ಮಾಡಿ ಹೇಳು.

ಇನ್ನು ನೀನು ಕೇಳಿದ್ದು.

ತೆಗೆಯಲೆಂದು ನವೆಂಬರಿನಲ್ಲಿ ಕೂತಿದ್ದೆ. ಆ ಸಾಲನ್ನು ಬರೆದೂ ಇದ್ದೆ. ಎಂಟರ್ ಒತ್ತಲಿಲ್ಲ. ನಾಳೆ ನೋಡೋಣ ಎಂದುಕೊಂಡೆ. ಆಮೇಲೂ ಹಾಗೇ ಅಂದುಕೊಂಡೆ. ನಮ್ಮಿಬ್ಬರ ಹೆಸರು ಒಟ್ಟಿಗಿದ್ದ ಜಾಗ ಲೋಕದಲ್ಲಿ ಅದೊಂದೇ ಆಗಿತ್ತು. ಇದು ಕಾರಣವಲ್ಲ ಎಂದು ಗೊತ್ತು. ಬೇರೆ ಕಾರಣವೂ ಇಲ್ಲ.

ಇದಕ್ಕಿಂತ ಕೆಟ್ಟದ್ದೊಂದಿದೆ. ಆ ದಿನ ಬೆಳಿಗ್ಗೆ ನನಗೆ ಇಮೇಲ್ ಬಂತು. ‘ಒತ್ತು’ ಪ್ಯಾಕೇಜಿನ ಹೊಸ ವರ್ಷನ್ ಪ್ರಕಟವಾಗಿದೆ, ಪ್ರಕಟಿಸಿದವರು ಧನಲಕ್ಷ್ಮಿ, ಎಂದು. ನಾನು ಏನು ಮಾಡಬೇಕಿತ್ತು? ಯಾವ ಪ್ಯಾಕೇಜು ಬಂದರೂ ಮಾಡುವಂತೆ ತೆರೆದು, ಏನು ಬದಲಾಗಿದೆ ಎಂದು ಸಾಲು ಸಾಲಾಗಿ ನೋಡಬೇಕಿತ್ತು. ಅಪರಿಚಿತರ ಕೋಡನ್ನು ಎಂದೂ ಹಾಗೆ ಒಳಗೆ ಬಿಟ್ಟವಳಲ್ಲ ನಾನು. ಅವತ್ತು ನೋಡಲಿಲ್ಲ. ನೀನು ವಾಪಸ್ ಬಂದೆ ಅಂದುಕೊಂಡೆ. ಮಾತಾಡಲು ಮುಜುಗರವಾಗಿ, ಮೊದಲು ಕೆಲಸ ಮಾಡಿ ತೋರಿಸುತ್ತಿದ್ದಾಳೆ, ಅವಳ ಸ್ವಭಾವವೇ ಹಾಗೆ ಅಂದುಕೊಂಡೆ. ಕಂಪ್ಯೂಟರ್ ಮುಚ್ಚಿ ಅಡುಗೆಮನೆಗೆ ಹೋಗಿ ಶಾವಿಗೆ ಪಾಯಸ ಮಾಡಿದೆ. ಮಧ್ಯಾಹ್ನ ಅಪರೂಪಕ್ಕೆ ಊಟಕ್ಕೆ ಬಂದ ತೌಹೀದ್ ಏನು ವಿಶೇಷ ಎಂದು ಕೇಳಿದ. ನನ್ನ ಸ್ನೇಹಿತೆ ಬಂದಿದ್ದಾಳೆ ಎಂದೆ. ಎಲ್ಲಿ ಎಂದು ಅವನು ಹೊರಗಿನ ಕೋಣೆಯ ಕಡೆ ನೋಡಿದ.

ಸಂಜೆಯ ಹೊತ್ತಿಗೆ ಆ ಶಾಲೆಯವರು ಬರೆದರು, ನಿಮ್ಮ ಪ್ಯಾಕೇಜು ಏನೋ ವಿಚಿತ್ರವಾಗಿ ಆಡುತ್ತಿದೆ ಎಂದು. ಆಗ ತೆರೆದು ನೋಡಿದೆ. ಒಂದೇ ನೋಟಕ್ಕೆ ಗೊತ್ತಾಯಿತು. ನಿನ್ನ ಕೈಬರಹದಷ್ಟೇ ನಿನ್ನ ಕೋಡೂ ನನಗೆ ಗೊತ್ತು. ಅದು ನಿನ್ನದಾಗಿರಲಿಲ್ಲ.

ಬೆಳಿಗ್ಗೆಯೇ ನೋಡಿದ್ದರೆ ಪುಟ್ಟಿ ಇವತ್ತು ಕೆಲಸದಲ್ಲಿರುತ್ತಿದ್ದಳೋ ಏನೋ.

ಕೆಹಕಶಾನ್


ಕನಕಪುರ
೯ ಮಾರ್ಚ್ ೨೦೨೫

ಕೆಹಕಶಾನ್,

ಫ್ಯಾಕ್ಟರಿಗೆ ಬಂದು ಹೋದೆಯಲ್ಲ, ಅವತ್ತು ನೀನು ಬಸ್ ಹತ್ತಿದ ಮೇಲೆ ನಾನು ಸ್ಟಾಪಿನಲ್ಲೇ ಬಹಳ ಹೊತ್ತು ನಿಂತಿದ್ದೆ. ಒಂದು ಟೀ ಕುಡಿದು ಹೋಗು ಎಂದು ಹೇಳಬೇಕೆಂದಿದ್ದೆ. ಬಸ್ಸು ಹೊರಟಾಗ ನೆನಪಾಯಿತು.

ನೀನು ಹೋದ ಮೇಲೆ ನಡೆದದ್ದನ್ನು ತಿಳಿಸಬೇಕು. ನೀನು ಕೊಟ್ಟ ಕಾಗದಗಳನ್ನು ಅನಂತರಾಜು ಎರಡು ಸಲ ಓದಿದರು. ಓದಿದ್ದಕ್ಕಿಂತ ಹೆಚ್ಚಾಗಿ ಅವರಿಗೆ ನಾಟಿದ್ದು ನೀನು ಎದ್ದು ನಿಂತು ಹೇಳಿದ ಮಾತು. “ಸರ್, ಆ ಹೆಸರನ್ನು ತೆಗೆಯಬೇಕಿದ್ದವಳು ನಾನು, ತೆಗೆಯಲಿಲ್ಲ. ದೂರು ಕೊಡುವುದಾದರೆ ನನ್ನ ಹೆಸರನ್ನೂ ಅದರಲ್ಲಿ ಬರೆಯಿರಿ” ಎಂದೆಯಲ್ಲ. ನೀನು ಹೊರಗೆ ಹೋದ ಮೇಲೆ ಅವರು ನನ್ನನ್ನು ಕೇಳಿದರು, “ಈ ಹೆಣ್ಮಗಳು ನಿಮಗೇನಾಗ್ಬೇಕಮ್ಮ?” ಎಂದು. ಕಾಲೇಜಿನಲ್ಲಿ ಜೊತೆಗೆ ಓದಿದವಳು ಎಂದೆ. ಅಷ್ಟೇ ಹೇಳಿದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅದು ಸಾಲದಾಯಿತು ಅನ್ನಿಸಿತು.

ನನ್ನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ. ಸೈಬರ್ ಠಾಣೆಯಲ್ಲಿ ದೂರು ಆಗಿದೆ, ಆರೋಪಿ ಯಾರೆಂದು ಗೊತ್ತಿಲ್ಲ ಎಂದು. ಸಿಗುತ್ತಾನೆಂದು ಯಾರಿಗೂ ನಂಬಿಕೆಯಿಲ್ಲ.

ನಿನ್ನ ಎದುರು ಹೇಳದೆ ಉಳಿದದ್ದೂ ಒಂದಿದೆ. ಅವತ್ತು ನೀನು ಎಲ್ಲವನ್ನೂ ನಿನ್ನ ಮೇಲೆ ಹಾಕಿಕೊಂಡೆ, ನಾನು ಸುಮ್ಮನೆ ಕೂತಿದ್ದೆ. ಹೊಸ ವರ್ಷನ್ ಬಂದರೆ ಯಾರನ್ನೂ ಕೇಳದೆ ತೆಗೆದುಕೋ ಎಂದು ನಮ್ಮ ಆ್ಯಪ್‌ನಲ್ಲಿ ಬರೆದಿಟ್ಟವಳು ನಾನು. ಬೇರೆ ಪ್ಯಾಕೇಜುಗಳಿಗೆಲ್ಲ ಇಂತಿಷ್ಟೇ ವರ್ಷನ್ ಎಂದು ಬಿಗಿ ಮಾಡಿದ್ದೆ. ‘ಒತ್ತು’ವಿಗೆ ಮಾತ್ರ ಮಾಡಿರಲಿಲ್ಲ. ನೀನು ನೋಡಿಕೊಳ್ಳುತ್ತಿದ್ದೀಯ ಎಂದು ಗೊತ್ತಿತ್ತು. ಇಷ್ಟು ವರ್ಷವೂ ನಿನ್ನ ಹೊಸ ವರ್ಷನ್‌ಗಳ ಟಿಪ್ಪಣಿಗಳನ್ನು ಓದುತ್ತಿದ್ದೆ. ಯಾವುದಾದರೂ ತಿಂಗಳು ಬರದಿದ್ದರೆ ಹುಷಾರಾಗಿದ್ದಾಳೋ ಇಲ್ಲವೋ ಎಂದು ಯೋಚನೆಯಾಗುತ್ತಿತ್ತು. ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಮದುವೆಗೆ ಯಾಕೆ ಕರೆಯಲಿಲ್ಲ ಎಂದು ನೀನು ಇವತ್ತಿನವರೆಗೂ ಕೇಳಿಲ್ಲ. ಅವತ್ತು ಸ್ಟಾಪಿನಲ್ಲಿ ಕೇಳುತ್ತೀಯ ಎಂದು ಕಾದೆ. ಲೋಕೇಶ್ ಮನೆಯ ಹಿರಿಯರು ಅತಿಥಿಗಳ ಹೆಸರುಗಳನ್ನು ನೋಡುತ್ತ ನಿನ್ನ ಹೆಸರಿನ ಹತ್ತಿರ ನಿಂತರು. ಏನೂ ಹೇಳಲಿಲ್ಲ, ನಿಂತರು ಅಷ್ಟೇ. ನಾನೂ ಏನೂ ಹೇಳಲಿಲ್ಲ.

ಕಳೆದ ಭಾನುವಾರ ಪುಟ್ಟಿಯ ಮನೆಗೆ ಹೋಗಿದ್ದೆ. ಅವಳ ಅತ್ತೆ ಚಾಪೆ ಹಾಸಿ ಕೂರಿಸಿದರು, ಮಜ್ಜಿಗೆ ಕೊಟ್ಟರು. ಕೆಲಸದ ಮಾತೆತ್ತಿದರೆ, “ಆಯ್ತು ಬುಡವ್ವ, ಆಮೇಕೆ ನೋಡುಮ” ಎಂದರು. ಪುಟ್ಟಿ ಬಾಗಿಲ ಹತ್ತಿರ ನಿಂತಿದ್ದಳು. ನಾನು ಹೊರಟಾಗ ಬಸ್ಸು ಈಗಲೂ ಅದೇ ಹೊತ್ತಿಗೆ ಬರುತ್ತದಾ ಎಂದು ಕೇಳಿದಳು. ಹೌದು ಎಂದೆ. ಇನ್ನೂ ಬಂದಿಲ್ಲ.

ಇನ್ನೊಂದು ವಿಷಯ. ‘ಒತ್ತು’ವನ್ನು ನಮ್ಮ ಆ್ಯಪ್‌ನಿಂದ ತೆಗೆದಿದ್ದೇನೆ. ಕೋಪದಿಂದಲ್ಲ. ಬದಲಿಗೆ ಏನು ಹಾಕಲಿ ಎಂದು ಹುಡುಕಿದೆ. ಕನ್ನಡದ ಅಕಾರಾದಿ ಜಾವಾಸ್ಕ್ರಿಪ್ಟಿನ ಒಳಗೇ ಇದೆ. ಬಂದು ಎಷ್ಟೋ ಕಾಲವಾಗಿದೆ. ಎರಡು ಸಾಲಿನಲ್ಲಿ ಮುಗಿಯಿತು, ಹೊರಗಿನ ಯಾವ ಪ್ಯಾಕೇಜೂ ಬೇಕಾಗಲಿಲ್ಲ. ಹೆಸರುಗಳೆಲ್ಲ ಸರಿಯಾಗಿ ಕೂತವು.

ನಿನಗೆ ಇದು ಗೊತ್ತಿರಲೇಬೇಕು.

ಧನಲಕ್ಷ್ಮಿ


ರಾಮನಗರ
೨೨ ಜೂನ್ ೨೦೨೫

ಪ್ರಿಯ ಧನಲಕ್ಷ್ಮಿ,

ಗೊತ್ತಿತ್ತು.

ಉತ್ತರ ಬರೆಯಲು ಇಷ್ಟು ದಿನ ತೆಗೆದುಕೊಂಡೆ, ಯಾಕೆಂದರೆ ಮೊದಲು ಮಾಡಿ ಆಮೇಲೆ ಬರೆಯಬೇಕೆಂದಿದ್ದೆ. ಬರೀ ಮಾಡುತ್ತೇನೆಂದು ಬರೆದರೆ ಏನಾಗುತ್ತದೆಂದು ನೋಡಿಯಾಯಿತಲ್ಲ.

‘ಒತ್ತು’ವನ್ನು ಮುಚ್ಚಿದೆ. ಒಂದೇ ದಿನಕ್ಕೆ ಆಗುವ ಕೆಲಸವಲ್ಲ ಅದು. ಏಕಾಏಕಿ ತೆಗೆದುಬಿಟ್ಟರೆ ಅದರ ಮೇಲೆ ನಿಂತವರೆಲ್ಲ ಬೀಳುತ್ತಾರೆ. ಮೊದಲು ಅದರ ಪುಟದಲ್ಲಿ ಬರೆದೆ: ಇದು ಇನ್ನು ಬೇಕಿಲ್ಲ, ಈ ಎರಡು ಸಾಲು ಹಾಕಿಕೊಳ್ಳಿ, ಇದರಿಂದಾದ ತೊಂದರೆಗೆ ಕ್ಷಮಿಸಿ ಎಂದು. ಗೊತ್ತಿದ್ದವರಿಗೆಲ್ಲ ಒಬ್ಬೊಬ್ಬರಿಗೂ ತಿಳಿಸಿದೆ. ಶಾಲೆಯ ಆ್ಯಪ್ ಅನ್ನು ನಾನೇ ಕೂತು ಬದಲಿಸಿಕೊಟ್ಟೆ. ಹಾಲಿನ ಸಂಘದವರು ಮಾಗಡಿಯಿಂದ ಫೋನ್ ಮಾಡಿ, ಅದು ತಾನಾಗೇ ನಡೆಯುತ್ತಿತ್ತಲ್ಲ, ಒಬ್ಬರು ನೋಡಿಕೊಳ್ಳುತ್ತಿದ್ದರಾ ಎಂದು ಕೇಳಿದರು. ಹೌದು ಎಂದೆ. ಅವರು, “ಗೊತ್ತೇ ಇರ್ಲಿಲ್ಲ ಕಣಮ್ಮ” ಎಂದರು.

ನಿನ್ನ ಹೆಸರನ್ನು ತೆಗೆದೆ. ಅದನ್ನು ಮೊದಲೇ ಹೇಳಬೇಕಿತ್ತು. ನೀನು ಹೇಳಿದಂತೆ ಒಂದೇ ಸಾಲು. ಪರದೆಯ ಮೇಲೆ ನನ್ನ ಹೆಸರೊಂದೇ ಉಳಿಯಿತು. ಎದ್ದು ಹೋಗಿ ಒಗೆದ ಬಟ್ಟೆಗಳನ್ನು ತಂತಿಯ ಮೇಲೆ ಹಾಕಿ ಬಂದೆ.

ಈಗ ಬೆಳಗಿನ ಹೊತ್ತು ಎಚ್ಚರಿಕೆಗಳು ಬರುವುದಿಲ್ಲ. ಟೀ ಬೇಗ ಮುಗಿಯುತ್ತದೆ. ತೌಹೀದ್ ತನ್ನ ಶೆಡ್ಡಿಗೆ ಬಾ, ಲೆಕ್ಕಪತ್ರ ನೋಡಿಕೋ ಎಂದು ಕರೆದ. ಹೋದೆ. ಬೇಯುವ ಗೂಡಿನ ವಾಸನೆಗೆ ಉಸಿರು ಕಟ್ಟಿ ಅರ್ಧಕ್ಕೇ ಎದ್ದು ಬಂದೆ. ಹಿನಾ ಮಕ್ಕಳನ್ನು ಕರೆದುಕೊಂಡು ಬಂದು ಎರಡು ದಿನ ಇದ್ದು ಹೋದಳು. ಅವರು ಹೋದ ಮೇಲೆ ಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಎಲ್ಲ ಗೊತ್ತಿದ್ದೂ ಯಾಕೆ ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೆ ಎಂದು ನೀನು ಕೇಳಲಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು. ಮದುವೆಯ ವಿಷಯ ನೀನಾಗಿ ಬರೆದೆ, ನನಗೆ ಅಷ್ಟು ಸಾಕು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇನ್ನು ನಿನಗೆ ಬರೆಯಲು ನನ್ನ ಬಳಿ ಕೆಲಸದ ಮಾತು ಯಾವುದೂ ಉಳಿದಿಲ್ಲ. ಈ ಕಾಗದ ಮಡಿಸಿದರೆ ಬರೆಯುವುದೂ ಮುಗಿಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆದೆ.

ಕೆಹಕಶಾನ್


ಕನಕಪುರ
೬ ಜುಲೈ ೨೦೨೫

ಕೆಹಕಶಾನ್,

ಮೇಲೆ ಕನಕಪುರ ಎಂದಿದ್ದರೂ ಇದು ಊರಿನ ಅಮ್ಮನ ಮನೆಯಿಂದ ಬರೆಯುತ್ತಿರುವುದು. ಇಲ್ಲಿ ರೇಷ್ಮೆ ಹುಳುಗಳು ಹಣ್ಣಾಗಿವೆ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಬೇಕು, ಆಳು ಸಿಕ್ಕುವುದಿಲ್ಲ ಎಂದು ಅಮ್ಮ ಫೋನ್ ಮಾಡಿದ್ದರು. ರಜೆ ಹಾಕಿ ಬಂದೆ. ಬೆಳಿಗ್ಗೆಯಿಂದ ಮೈ ಹಳದಿಯಾದ ಹುಳುಗಳನ್ನೇ ಆರಿಸಿ ಆರಿಸಿ ಬಿಟ್ಟು ಬೆರಳುಗಳಿಗೆಲ್ಲ ನೂಲು ಅಂಟಿಕೊಂಡಿದೆ. ಈ ಕಾಗದಕ್ಕೂ ಅಂಟಿರಬಹುದು.

ಹೇಳಬೇಕಾದ ಸುದ್ದಿ ಏನೂ ಇಲ್ಲ. ಲೋಕೇಶ್ ಚೆನ್ನಾಗಿದ್ದಾರೆ. ನನಗೆ ಕಣ್ಣಿಗೆ ಕನ್ನಡಕ ಬಂದಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೆ ಹಾರೋಹಳ್ಳಿಯವರೆಗೂ ನಿದ್ದೆ ಮಾಡುತ್ತೇನೆ, ಸಿಗದಿದ್ದರೆ ಏನನ್ನಾದರೂ ಯೋಚಿಸುತ್ತೇನೆ. ಆಫೀಸಿನಲ್ಲಿ ಊಟಕ್ಕೆ ಒಬ್ಬಳೇ ಕೂರುತ್ತೇನೆ. ಮೊದಲೂ ಹಾಗೇ ಇತ್ತು. ಫೆಬ್ರುವರಿಯಿಂದ ಈಚೆಗೆ ಅದು ಗೊತ್ತಾಗುತ್ತಿದೆ.

ನಮ್ಮ ನಡುವೆ ಮೊದಲಿನ ಹಾಗೆ ಇರುವುದಿಲ್ಲ. ಅದನ್ನು ನಾನೂ ಬಲ್ಲೆ, ನೀನೂ ಬಲ್ಲೆ. ಮನೆಗೆ ಕರೆದರೆ ಲೋಕೇಶ್ ಮನೆಯವರು ಏನೆನ್ನುತ್ತಾರೋ ಎಂದು ಈಗಲೂ ಒಂದು ಕ್ಷಣ ಯೋಚನೆ ಬಂತು. ಬಂದದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ನಾನು ಬರೆಯುತ್ತಿರುವಾಗ ಅಮ್ಮ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಯಾರಿಗೆ ಎಂದು ಕೇಳಿದರು. ಹೇಳಿದೆ. ಅವರಿಗೆ ನಿನ್ನ ನೆನಪಿದೆ. ಆ ಮಗು ಹುಷಾರಾಗೈತಾ ಎಂದು ಕೇಳಿದರು. ಗೊತ್ತಿಲ್ಲ, ಕಾಗದದಲ್ಲಿ ಅಷ್ಟು ಗೊತ್ತಾಗುವುದಿಲ್ಲ ಎಂದೆ. ಅದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಕಾಗ್ದ ಯಾಕವ್ವ ಬರ್ಕೊಂಡ್ ಕೂತಿದ್ದೀಯ? ರಾಮನಗರದಿಂದ ಬಸ್ಸೈತೆ. ಬರಾಕ್ ಹೇಳು ಅವ್ಳ್ಗೆ.”

ಧನಲಕ್ಷ್ಮಿ